ಪದ ಬೇಕು, ತುರ್ತು: ‘ಪಯನಿಯರ್’ ಹೆಂಗಸಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಶುಕ್ರವಾರದೊಳಗೆ ಒಂದು ಪದ ಬೇಕಾಗಿದೆ. ನಾನಿರುವುದು ಕೆನಡಾದಲ್ಲಿ, ಒಂಟಾರಿಯೊದ ಪೀಟರ್‌ಬರೋ ಹತ್ತಿರ. ಇಲ್ಲೊಂದು ಹೂದೋಟದಲ್ಲಿ ಕ್ಯಾಥರೀನ್ ಪಾರ್ ಟ್ರೇಲ್ ಹೆಸರಿನ ಹಲಗೆ ನಿಲ್ಲಿಸುತ್ತಿದ್ದಾರೆ. ಊರವರು ಆಡುವ ಎಲ್ಲ ಭಾಷೆಗಳಲ್ಲೂ ಒಂದೊಂದು ಸಾಲು ಇರಲಿದೆ. ಕನ್ನಡದ ಸಾಲು ನನ್ನ ಕೊರಳಿಗೆ ಬಿದ್ದಿದೆ. ಇಂಗ್ಲಿಷಿನವರು ‘ಇಮಿಗ್ರಂಟ್, ಪಯನಿಯರ್, ಬಾಟನಿಸ್ಟ್’ ಎಂದು ಮೂರು ಮಾತಲ್ಲಿ ಮುಗಿಸಿದ್ದಾರೆ. ‘ಪಯನಿಯರ್’ ಅಂದರೆ ಇಲ್ಲಿನವರ ಮಾತಲ್ಲಿ ಕಾಡು ಕಡಿದು ಮೊದಮೊದಲು ನೆಲೆಯೂರಿದವರು. ನನಗಿರುವ ಜಾಗ ಇಪ್ಪತ್ತೆರಡು ಅಕ್ಷರ.

ಗೊತ್ತಿಲ್ಲದವರಿಗೆ: ಈಕೆ ಹುಟ್ಟಿದ್ದು 1802ರಲ್ಲಿ, ಲಂಡನ್ನಿನಲ್ಲಿ. ಬೆಳೆದದ್ದು ಸಫೋಕ್‌ನಲ್ಲಿ. 1832ರಲ್ಲಿ ಥಾಮಸ್ ಟ್ರೇಲ್ ಎಂಬ ಅರ್ಧ ಸಂಬಳ ಪಡೆಯುತ್ತಿದ್ದ ಮಾಜಿ ಸೇನಾಧಿಕಾರಿಯನ್ನು ಮದುವೆಯಾಗಿ ಅದೇ ವರ್ಷ ಹಡಗು ಹತ್ತಿದಳು. ಮಾಂಟ್ರಿಯಲ್ ತಲುಪುವಾಗ ಅಲ್ಲಿ ಕಾಲರಾ. ಇವಳಿಗೂ ತಗುಲಿತು, ಬದುಕಿದಳು. ಅಣ್ಣತಮ್ಮಂದಿರಲ್ಲಿ ಸ್ಯಾಮ್ಯುಯೆಲ್ ಮೊದಲೇ ಬಂದು ನೆಲೆಯೂರಿದ್ದ ಡೂರೊ ಕಾಡಿನಲ್ಲಿ ಮನೆ ಕಟ್ಟಿದರು. ತಂಗಿ ಸುಸಾನಾ ಮೂಡಿಯೂ ಅದೇ ವರ್ಷ ಬಂದವಳು. ಕ್ಯಾಥರೀನ್ ಒಂಬತ್ತು ಮಕ್ಕಳನ್ನು ಹೆತ್ತಳು, ಇಬ್ಬರು ಎಳವೆಯಲ್ಲೇ ಹೋದರು. 1857ರಲ್ಲಿ ರೈಸ್ ಲೇಕ್ ದಂಡೆಯ ಮನೆ ಸುಟ್ಟುಹೋಯಿತು, ಎರಡು ವರ್ಷಕ್ಕೆ ಗಂಡ ತೀರಿದ. ಗಿಡಗಳ ಬಗ್ಗೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. 1899ರಲ್ಲಿ ಲೇಕ್‌ಫೀಲ್ಡ್‌ನಲ್ಲಿ ತೀರಿಕೊಂಡಾಗ ತೊಂಬತ್ತೇಳು.

ಜೊತೆಗೊಂದು ಸಣ್ಣ ಪ್ರಶ್ನೆ: ಪಕ್ಕದ ಹಲಗೆಯಲ್ಲಿ ‘ಬೀ’ ಎಂಬ ಮಾತಿದೆ. ಜೇನುಹುಳ ಅಲ್ಲ. ನೆರೆಯವರೆಲ್ಲ ಒಂದು ದಿನ ಸೇರಿ ಒಬ್ಬರ ಮನೆ ಎಬ್ಬಿಸಿಕೊಡುವುದು.

— ಸು.

*

ಪ್ರವರ್ತಕಿ. ನಿಘಂಟು ಇರುವುದು ಇದಕ್ಕೇ.

— ರಾ. ಭ.

*

ನಿಘಂಟು ನೋಡಿಯೇ ಬಂದೆ ಸಾರ್. ‘ಪ್ರವರ್ತಕಿ’ ಎಂದರೆ ಏನನ್ನೋ ಪ್ರಾರಂಭಿಸಿದವಳು, ಪತ್ರಿಕೆಯನ್ನೋ ಪಂಥವನ್ನೋ. ಈಕೆ ಶುರುಮಾಡಿದ್ದು ಒಲೆ.

— ಸು.

*

‘ಪ್ರವರ್ತಕಿ’ ಕನ್ನಡವೇ ಅಲ್ಲ. ಸಂಸ್ಕ್ರುತದ ಎರವಲು. ಒಕ್ಕಲಗಿತ್ತಿ, ಹೂವಾಡಗಿತ್ತಿ ಇರುವಾಗ ‘ಮೊದಲಿಗಿತ್ತಿ’ ಕಟ್ಟಲು ಏನು ಅಡ್ಡಿ? ‘ಬಾಟನಿಸ್ಟ್’ಗೆ ‘ಗಿಡದರಿಗಿತ್ತಿ’. ಪದಕಟ್ಟಣೆಯ ಕಸುವು ನಮ್ಮ ನುಡಿಯಲ್ಲೇ ಇದೆ, ಬಳಸುವ ದಯ್ರ್ಯ ಬೇಕು ಅಶ್ಟೆ. ಇನ್ನೊಂದು: ಹಲಗೆಯ ಮೇಲೆ ‘ಕ್ಯಾತರೀನ್’ ಎಂದೇ ಬರೆಯಿರಿ. ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ಇಲ್ಲ.

— ಕಿ.

*

ಆಕೆಯ ಹೆಸರು ಆಕೆಯದು. ಅದರಲ್ಲೂ ‘ಥ’ ಕಿತ್ತುಕೊಳ್ಳಬೇಕೆ? ‘ಗಿಡದರಿಗಿತ್ತಿ’ ಓದಿದವರು ಗಿಡ ತರಿಯುವವಳು ಅಂದುಕೊಂಡಾರು.

— ರಾ. ಭ.

*

ಎಲ್ಲರೂ ಬೇರು ಮರೆತು ಕೊಂಬೆಗೆ ಜೋತು ಬಿದ್ದಿದ್ದೀರಿ. ‘ಪಯನಿಯರ್’ ಫ್ರೆಂಚಿನ ಪಿಯೊನ್ಯೆಯಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ಕಾಲಾಳು. ಸೈನ್ಯಕ್ಕಿಂತ ಮುಂದೆ ಗುದ್ದಲಿ, ಕೊಡಲಿ ಹಿಡಿದು ದಾರಿ ಕಡಿಯುತ್ತಿದ್ದವನು ಪಯನಿಯರ್. ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್ 1780ರಲ್ಲಿ ಹುಟ್ಟಿದಾಗ ಹೆಸರು ಮದ್ರಾಸ್ ಪಯನಿಯರ್ಸ್ ಎಂದೇ ಇತ್ತು. ಚದುರಂಗದ ಕಾಲಾಳಿಗೆ ಇಂಗ್ಲಿಷರು ‘ಪಾನ್’ ಅನ್ನುತ್ತಾರಲ್ಲ, ಅದೂ ಇದೇ ಬಳ್ಳಿ. ಪೋರ್ಚುಗೀಸರ ಬಾಯಿಂದ ಬಂದ ನಮ್ಮ ಕಚೇರಿಯ ‘ಪ್ಯೂನ್’ ಕೂಡ ಇದೇ ಬಳ್ಳಿ. ಅಂದರೆ ಪಯನಿಯರ್ ಮತ್ತು ಪ್ಯೂನ್ ದಾಯಾದಿಗಳು! ಸಂಸ್ಕೃತದ ‘ಪದಾತಿ’ ಇದಕ್ಕೆ ದೂರದ ನೆಂಟ, ಎಲ್ಲಕ್ಕೂ ಕಾಲೇ ಮೂಲ. ಆದ್ದರಿಂದ ‘ಪದಾತಿನಿ’ ಎಂಬ ರೂಪವನ್ನು ಸೂಚಿಸುತ್ತೇನೆ.

— ವೆಂ.

*

ಪದಾತಿನಿ! ಹಾವಿನ ಹೆಸರಿದ್ದ ಹಾಗಿದೆ.

— ಕಿ.

*

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ‘ಬೀ’ಗೆ ಪದ ಕಟ್ಟುವುದೇಕೆ? ಮುಯ್ಯಾಳು. ನಮ್ಮ ತೀರ್ಥಹಳ್ಳಿ ಕಡೆ ಇವತ್ತಿಗೂ ಆಡುತ್ತಾರೆ. ನೀನು ನನ್ನ ಗದ್ದೆ ನೆಟ್ಟಿಗೆ ಬಂದರೆ ನಾನು ನಿನ್ನ ಗದ್ದೆಗೆ. ದುಡ್ಡಿಲ್ಲ, ಊಟ ಉಂಟು.

— ಗ.

*

ಮುಯ್ಯಿಗೆ ಲೆಕ್ಕ ಇದೆ, ಆಳಿಗೆ ಆಳು, ದಿನಕ್ಕೆ ದಿನ. ‘ಬೀ’ ಹಬ್ಬದ ಹಾಗೆ. ಹೊಂದುವುದಿಲ್ಲ.

— ರಾ. ಭ.

*

ಲೆಕ್ಕ ಅಲ್ಲೂ ಇತ್ತು. ಟ್ರೇಲರ ಮನೆಗೆ ಹದಿನಾರು ಜನ ನೆರೆಯವರು ಬಂದು ಸಂಜೆಯೊಳಗೆ ದಿಮ್ಮಿಯ ಗೋಡೆ ಎಬ್ಬಿಸಿದರು. ಅವರಿಗೆ ಹಂದಿಮಾಂಸ, ಆಲೂಗಡ್ಡೆ, ಅಕ್ಕಿಯ ಪಾಯಸದಂಥದ್ದು, ಮೇಲೆ ವಿಸ್ಕಿ. ಮುಂದೆ ಅವರು ಕರೆದಾಗ ಇವರು ಹೋಗಲೇಬೇಕು, ತಪ್ಪಿಸಿಕೊಂಡರೆ ಮಾತು ಬರುತ್ತದೆ. ಅಕ್ಕ ಇದನ್ನು ನಗುನಗುತ್ತ ಬರೆದಿದ್ದಾಳೆ. ತಂಗಿ ಸುಸಾನಾಳಿಗೆ ಈ ಕೂಟಗಳೆಂದರೆ ಆಗದು. ಕುಡಿತ, ಗಲಾಟೆ ಎಂದು ಸಿಡುಕಿದ್ದಾಳೆ. ಒಂದೇ ಕಾಡು, ಒಂದೇ ತಾಯಿಯ ಮಕ್ಕಳು!

ಮುಯ್ಯಾಳು ಹಾಕಿಬಿಟ್ಟೆ. ಗ. ಅವರಿಗೆ ಋಣಿ. ಪಯನಿಯರ್ ಮಾತ್ರ ಇನ್ನೂ ಅಲ್ಲೇ ನಿಂತಿದೆ.

— ಸು.

*

‘ಋಣಿ’ ಅಂತೆ. ‘ಮುಯ್ಯಿ’ ಅಂದರೇ ಅದಲ್ಲವೇ!

— ಕಿ.

*

ಸು. ಅವರೇ, ‘ಒಕ್ಕಲು’ ಯಾರಿಗೂ ಯಾಕೆ ಹೊಳೆಯಲಿಲ್ಲ? ‘ಆ ಊರಲ್ಲಿ ನಾಲ್ಕು ಒಕ್ಕಲು’ ಎನ್ನುವಾಗ ಗಂಡಸು, ಹೆಂಗಸು, ಮಕ್ಕಳು, ದನ, ಒಲೆ ಎಲ್ಲ ಒಟ್ಟಿಗೆ ಬರುತ್ತವೆ. ಹೊಸ ಮನೆ ಹೊಕ್ಕರೆ ನಮ್ಮಲ್ಲಿ ಮನೆಒಕ್ಕಲು. ನಿಮ್ಮ ಹೆಂಗಸು ಒಬ್ಬಳೇ ಮುಂದೆ ನಡೆದವಳಲ್ಲ, ಸಂಸಾರ ಹೊತ್ತು ಬಂದವಳು. ಸಾಬೂನು, ಮೇಣದಬತ್ತಿ, ಹಿಟ್ಟಿಗೆ ಹುಳಿ ಬರಿಸುವುದು, ಮೇಪಲ್ ಮರದ ರಸ ಕಾಯಿಸುವುದು ಹೇಗೆಂದು ಹೊಸದಾಗಿ ಬರುವ ಹೆಂಗಸರಿಗಾಗಿ ಬರೆದಿಟ್ಟವಳು. ರಸ ಕಾಯಿಸುವ ಆ ಭಾಗ ಓದಿದಾಗ ನನಗೆ ನಮ್ಮ ಆಲೆಮನೆಯೇ ಕಣ್ಣಿಗೆ ಕಟ್ಟಿತು. ‘ಕಾಡಲ್ಲಿ ಒಕ್ಕಲಾದವಳು’ ಅನ್ನಿ.

— ಗ.

*

ಒಕ್ಕಲು ಎಂದರೆ ಧಣಿಯ ಕೈಕೆಳಗಿನ ಗೇಣಿದಾರ. ಟ್ರೇಲ್‌ಗೆ ಸೇನೆಯ ಚಾಕರಿಗಾಗಿ ನೆಲ ಸಿಕ್ಕಿತು. ಅದು ಉಂಬಳಿ, ಅವನು ಉಂಬಳಿದಾರ. ಮೇಲಾಗಿ ‘ಒಕ್ಕಲಿಗ’ ಜಾತಿಯ ಹೆಸರು. ಕೆನಡಾದ ಹಲಗೆಯ ಮೇಲೆ ಈ ಗೊಂದಲ ಬೇಡ.

— ರಾ. ಭ.

*

ಹಾಗಿದ್ದರೆ ಬಗರ್ ಹುಕುಂ ಸಾಗುವಳಿದಾರರು ಎಂದು ಬರೆಯಿರಿ, ನಮ್ಮ ತಾಲ್ಲೂಕು ಕಚೇರಿಯಲ್ಲಾದರೂ ಅರ್ಥವಾಗುತ್ತದೆ. ಪಕ್ಕದಲ್ಲೇ ಪ್ಯೂನ್ ಇರುತ್ತಾನೆ.

— ವೆಂ.

*

ತಮಾಷೆ ಸಾಕು. ಅವರದು ಹುಕುಂ ಇದ್ದ ಸಾಗುವಳಿಯೇ. ಇಂತಿಷ್ಟು ಎಕರೆ ಕಡಿಯಬೇಕು, ಮನೆ ಕಟ್ಟಬೇಕು, ಆಮೇಲೆ ಪಟ್ಟಾ. ಆದರೆ ಹುಕುಂ ಕೊಟ್ಟವರಿಗೆ ಆ ನೆಲ ಬಂದದ್ದು ಹೇಗೆ? ಇವರು ಬರುವುದಕ್ಕೆ ಹದಿನಾಲ್ಕು ವರ್ಷ ಮುಂಚೆ, 1818ರ ನವೆಂಬರಿನಲ್ಲಿ, ರೈಸ್ ಲೇಕ್ ಒಪ್ಪಂದ. ಅಲ್ಲಿನ ಮೂಲನಿವಾಸಿಗಳಾದ ಮಿಸ್ಸಿಸಾಗಾ ಅನಿಶಿನಾಬೆ ಜನರಿಂದ 19 ಲಕ್ಷ 51 ಸಾವಿರ ಎಕರೆ, ಪ್ರತಿಯಾಗಿ ವರ್ಷಕ್ಕೆ 740 ಪೌಂಡ್ ಬೆಲೆಯ ಸಾಮಾನು. ಕಿ. ಅವರ ‘ಮೊದಲಿಗಿತ್ತಿ’ಯನ್ನು ನಾನು ಒಪ್ಪದಿರುವುದು ಇದಕ್ಕೇ. ಮೊದಲು ಯಾರಿದ್ದರು ಎಂಬುದೇ ಇಲ್ಲಿ ಪ್ರಶ್ನೆ. ಕ್ಯಾಥರೀನ್ ಆ ಹೆಂಗಸರಿಂದಲೇ ಬುಟ್ಟಿ ಕೊಂಡಳು, ಗಿಡಗಳ ಉಪಯೋಗ ಕೇಳಿ ತಿಳಿದಳು. ಆದರೂ ಕಾಡಿನ ಹೂಗಳಿಗೆ ಹೆಸರಿಲ್ಲವೆಂದು ತಾನೇ ಧರ್ಮತಾಯಿಯಾಗಿ ಹೆಸರಿಡುವ ಉಮೇದು ತೋರಿಸಿದ್ದಾಳೆ. ಹೆಸರು ಇದ್ದವು. ಅವಳ ಭಾಷೆಯಲ್ಲಿ ಇರಲಿಲ್ಲ, ಅಷ್ಟೆ.

— ಸು.

*

ಅದಕ್ಕೇ ಒಕ್ಕಲು ಎಂದೆ. ನಮ್ಮ ಭಾಷೆಯಲ್ಲಿ ‘ಒಕ್ಕಲಾಗು’ ಎನ್ನುವ ಮಾತಿನ ಬೆನ್ನಿಗೇ ‘ಒಕ್ಕಲೆಬ್ಬಿಸು’ ಇದೆ. ಶರಾವತಿ ಕಟ್ಟೆ ಕಟ್ಟಿದಾಗ ಆ ಮಾತನ್ನು ಮೈಮೇಲೆ ಹೊತ್ತವರು ನಮ್ಮ ನೆಂಟರಲ್ಲೇ ಇದ್ದಾರೆ. ಹಲಗೆ ಓದುವ ಕನ್ನಡದವರಿಗೆ ನೀವು ಬಿಡಿಸಿ ಹೇಳಬೇಕಿಲ್ಲ. ಗೇಣಿಯ ಅರ್ಥವೂ ಇದೆ, ಒಪ್ಪುತ್ತೇನೆ. ಆದರೆ ‘ಒಕ್ಕಲಾಗು’ ಎಂದು ಕ್ರಿಯಾಪದ ಮಾಡಿದರೆ ಧಣಿ ಹಿಂದೆ ಸರಿಯುತ್ತಾನೆ.

— ಗ.

*

ಒಕ್ಕಲು ‘ಒಕ್ಕು’ ದಾತುವಿನಿಂದ. ಕಣದಲ್ಲಿ ತೆನೆ ಒಕ್ಕುವವರು. ಅಚ್ಚಗನ್ನಡ. ಮೊದಲೇ ಇದನ್ನು ಹೇಳಿದ್ದರೆ ನಾನು ವಿರೋದಿಸುತ್ತಿರಲಿಲ್ಲ.

— ಕಿ.

*

‘ವಿರೋದ’ ಅಚ್ಚಗನ್ನಡವೋ? ‘ಧ’ ಕಿತ್ತರೆ ಎರವಲು ತೀರಿತೇ? ಇನ್ನು ನೆಲೆಯೂರುವ ‘ಒಕ್ಕಲು’ ಬೇರೆ, ಕಣದ ‘ಒಕ್ಕು’ ಬೇರೆ ಇರಬಹುದೆಂಬ ವಾದ ಹಳೆಯದು. ಆ ಗಂಟು ಇಲ್ಲಿ ಬಿಚ್ಚಬೇಡಿ. ನನ್ನ ಮತ ಈಗಲೂ ಪ್ರವರ್ತಕಿಗೇ.

— ರಾ. ಭ.

*

ಕಳಿಸಿಬಿಟ್ಟೆ:

ಇಂಗ್ಲೆಂಡಿನಿಂದ ಬಂದು ಕಾಡಲ್ಲಿ ಒಕ್ಕಲಾದ ಸಸ್ಯತಜ್ಞೆ

ಹದಿನೆಂಟು ಅಕ್ಷರ, ಬೆರಳಲ್ಲಿ ಎಣಿಸಿದೆ. ‘ವಲಸೆ’ ಹಾಕಿಲ್ಲ, ‘ಬಂದು’ ಸಾಕಾಯಿತು. ಆಕೆಯ ಹೆಸರಿನಲ್ಲಿ ‘ಥ’ ಉಳಿಸಿಕೊಂಡಿದ್ದೇನೆ, ಕಿ. ಅವರ ಕ್ಷಮೆ ಕೋರಿ. ಅಚ್ಚಿನವರು ‘ಜ್ಞೆ’ ಒಡೆದುಹೋಗಿದೆ, ಬೇರೆ ಅಕ್ಷರವಿನ್ಯಾಸ ಕಳಿಸಿ ಎಂದು ಈಗಷ್ಟೇ ಬರೆದಿದ್ದಾರೆ. ಯೂನಿಕೋಡಿನಲ್ಲಿ ದಪ್ಪಕ್ಷರ ಚೆನ್ನಾಗಿ ಮೂಡುವ ಫಾಂಟ್ ಯಾವುದು?

— ಸು.

*

‘ಗಿಡದರಿಗಿತ್ತಿ’ ಬರೆದಿದ್ದರೆ ಒಡೆಯುತ್ತಿರಲಿಲ್ಲ.

— ಕಿ.