ಇಂಗ್ಲಿಷ್ ಪ್ರಬಂಧದಲ್ಲಿ ಉದ್ಧರಣೆ: ಪೂರ್ಣವಿರಾಮ ಚಿಹ್ನೆಯ ಒಳಗೋ, ಹೊರಗೋ?

ಪ್ರಶ್ನೆ:
ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇತರರ ಮಾತನ್ನು ಉದ್ಧರಿಸುವಾಗ ಕೆಲವು ಗ್ರಂಥಗಳು ಜೋಡಿ ಉದ್ಧರಣ ಚಿಹ್ನೆಯನ್ನೂ ಕೆಲವು ಒಂಟಿ ಚಿಹ್ನೆಯನ್ನೂ ಬಳಸುತ್ತವೆ; ವಾಕ್ಯದ ಕೊನೆಯ ಪೂರ್ಣವಿರಾಮವೂ ಒಂದು ಕಡೆ ಚಿಹ್ನೆಯ ಒಳಗೆ, ಇನ್ನೊಂದು ಕಡೆ ಹೊರಗೆ ಇರುತ್ತದೆ. ಯಾವುದನ್ನು ಅನುಸರಿಸಬೇಕು? ಉದ್ಧರಿಸಿದ ಮಾತು ಎದ್ದು ಕಾಣಲೆಂದು ಅದನ್ನು ಇಟಾಲಿಕ್ಸ್‌ನಲ್ಲಿ ಕೊಡಬಹುದೇ?

ಉತ್ತರ 1:
ಎರಡೂ ಸರಿಯೇ, ಆದರೆ ಒಂದೇ ಪ್ರಬಂಧದಲ್ಲಿ ಎರಡೂ ಸಲ್ಲವು. ಅಮೆರಿಕನ್ ಪದ್ಧತಿಯಲ್ಲಿ ಹೊರಗೆ ಜೋಡಿ ಚಿಹ್ನೆ, ಉದ್ಧರಣೆಯೊಳಗೆ ಮತ್ತೊಂದು ಉದ್ಧರಣೆ ಬಂದರೆ ಅದಕ್ಕೆ ಒಂಟಿ ಚಿಹ್ನೆ. ಬ್ರಿಟಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಅಮೆರಿಕನ್ ಪದ್ಧತಿಯು ಪೂರ್ಣವಿರಾಮವನ್ನೂ ಅಲ್ಪವಿರಾಮವನ್ನೂ, ಅವು ಮೂಲದಲ್ಲಿ ಇರಲಿ ಇಲ್ಲದಿರಲಿ, ಮುಚ್ಚುವ ಚಿಹ್ನೆಯ ಒಳಗೇ ಇರಿಸುತ್ತದೆ. ಬ್ರಿಟಿಷ್ ಪದ್ಧತಿಯಾದರೋ ಆ ವಿರಾಮವು ಉದ್ಧರಿಸಿದ ಮಾತಿಗೆ ಸೇರಿದ್ದೋ ನಮ್ಮ ವಾಕ್ಯಕ್ಕೆ ಸೇರಿದ್ದೋ ಎಂಬುದನ್ನು ನೋಡಿ ಸ್ಥಾನ ನಿರ್ಧರಿಸುತ್ತದೆ. ತರ್ಕದ ದೃಷ್ಟಿಯಿಂದ ನನಗೆ ಎರಡನೆಯದೇ ಒಪ್ಪಿಗೆ, ಆದರೆ ಪರೀಕ್ಷಕರು ತರ್ಕಕ್ಕಿಂತ ನಿಯಮಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಪ್ರಶ್ನಾರ್ಥಕ ಚಿಹ್ನೆಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳವಿಲ್ಲ: ಪ್ರಶ್ನೆ ಯಾರದೋ ಚಿಹ್ನೆಯೂ ಅವರ ಕಡೆಗೇ. ಅರ್ಧವಿರಾಮವನ್ನು ಅಮೆರಿಕನ್ನರೂ ಹೊರಗೇ ಇಡುತ್ತಾರೆ.

ಉತ್ತರ 2:
ಇಟಾಲಿಕ್ಸ್ ಬೇಡ. ಮಾತು ಪರರದು ಎಂದು ತೋರಿಸುವುದು ಉದ್ಧರಣ ಚಿಹ್ನೆಯ ಕೆಲಸ. ಅದರ ಮೇಲೆ ಇಟಾಲಿಕ್ಸ್ ಹೇರಿದರೆ ಮೂಲ ಲೇಖಕರೇ ಅಲ್ಲಿ ಒತ್ತು ಕೊಟ್ಟಿದ್ದಾರೆಂದು ಓದುಗರು ತಿಳಿಯುತ್ತಾರೆ. ಒಂದೆರಡು ಪದಗಳಿಗೆ ಒತ್ತು ಕೊಡಲೇಬೇಕೆಂದಿದ್ದರೆ ಅವನ್ನಷ್ಟೇ ಇಟಾಲಿಕ್ಸ್ ಮಾಡಿ, ಒತ್ತು ನಿಮ್ಮದೆಂದು ಸ್ಪಷ್ಟವಾಗಿ ಸೂಚಿಸಬೇಕು. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ರೂಪಿಸಿದ ಬರಹದ ಶೈಲಿಯಲ್ಲಿ ‘ಎಂಫಸಿಸ್ ಆ್ಯಡೆಡ್’ ಎಂಬ ಸೂಚನೆ ಆ ಪದಗಳ ಬೆನ್ನಿಗೇ ಚೌಕ ಆವರಣದಲ್ಲಿ ಬರುತ್ತದೆ. ಕೃತಿಗಳ ಹೆಸರಿನ ಲೆಕ್ಕ ಬೇರೆ: ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಮತ್ತು ಶಿಕಾಗೋ (ಶಿಕಾಗೋ ಶೈಲಿ ಕೈಪಿಡಿಯ) ಶೈಲಿಗಳಲ್ಲಿ ಪುಸ್ತಕ, ನಿಯತಕಾಲಿಕೆ, ಚಲನಚಿತ್ರಗಳ ಹೆಸರು ಇಟಾಲಿಕ್ಸ್‌ನಲ್ಲಿಯೂ, ಅವುಗಳೊಳಗಿನ ಲೇಖನ, ಸಣ್ಣಕಥೆ, ಕಿರುಗವಿತೆಗಳ ಹೆಸರು ಉದ್ಧರಣ ಚಿಹ್ನೆಯಲ್ಲಿಯೂ ಇರುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮ ವಿಭಾಗದವರು ಎಂಎಲ್‌ಎ ಶೈಲಿಯನ್ನು ಸೂಚಿಸಿದ್ದಾರೆ. ಉದ್ಧರಣೆ ಒಂದು ಕಂಡಿಕೆಯಷ್ಟು ದೀರ್ಘವಾಗಿದ್ದರೆ ಏನು ಮಾಡಬೇಕು? ಮೂಲದಲ್ಲಿಯೇ ಕಾಗುಣಿತದ ತಪ್ಪಿದ್ದರೆ ತಿದ್ದಬಹುದೇ?

ಉತ್ತರ 3:
ಎಂಎಲ್‌ಎ ಪ್ರಕಾರ ನಿಮ್ಮ ಪುಟದಲ್ಲಿ 4 ಸಾಲುಗಳನ್ನು ಮೀರುವ ಗದ್ಯವನ್ನು ಹೊಸ ಸಾಲಿನಿಂದ ಆರಂಭಿಸಿ, ಎಡ ಅಂಚಿನಿಂದ ಅರ್ಧ ಅಂಗುಲ ಒಳಕ್ಕೆ ಸರಿಸಿ ಕೊಡಬೇಕು. (ಎಪಿಎಯಲ್ಲಿ ಈ ಮಿತಿ 40 ಪದಗಳು.) ಹೀಗೆ ಸರಿಸಿದ ಭಾಗಕ್ಕೆ ಸುತ್ತಲೂ ಉದ್ಧರಣ ಚಿಹ್ನೆ ಹಾಕಬಾರದು; ಒಳಸರಿದ ಅಂಚೇ ಅದು ಉದ್ಧರಣೆಯೆಂದು ಹೇಳುತ್ತದೆ. ಪುಟಸಂಖ್ಯೆಯ ಆವರಣದ ಬಳಿ ಹಲವರು ಎಡವುತ್ತಾರೆ. ಸಾಲಿನೊಳಗಿನ ಕಿರು ಉದ್ಧರಣೆಯಲ್ಲಿ ಮೊದಲು ಮುಚ್ಚುವ ಚಿಹ್ನೆ, ಬಳಿಕ ಆವರಣ, ಕೊನೆಗೆ ಪೂರ್ಣವಿರಾಮ, ಹೀಗಾಗಿ ಇಲ್ಲಿ ಅಮೆರಿಕನ್ ಪದ್ಧತಿಯಲ್ಲಿಯೂ ಪೂರ್ಣವಿರಾಮ ಹೊರಗೇ ಉಳಿಯುತ್ತದೆ. ಒಳಸರಿಸಿದ ಉದ್ಧರಣೆಯಲ್ಲಾದರೆ ಪೂರ್ಣವಿರಾಮ ಮೊದಲು, ಆವರಣ ಆಮೇಲೆ.

ಮೂಲದ ತಪ್ಪನ್ನು ಸದ್ದಿಲ್ಲದೆ ತಿದ್ದಬೇಡಿ. ಇದ್ದಂತೆಯೇ ಕೊಟ್ಟು ಪಕ್ಕದಲ್ಲಿ ‘ಸಿಕ್’ (ಮೂಲದಲ್ಲಿ ಹೀಗೆಯೇ ಇದೆ ಎಂಬರ್ಥ) ಎಂದು ಗುರುತಿಸಿ; ಆದರೆ ಹಳೆಯ ಗ್ರಂಥವೊಂದರ ಕಾಗುಣಿತವೇ ಆ ಕಾಲದ್ದಾಗಿದ್ದರೆ ಪದಪದಕ್ಕೂ ಹೀಗೆ ಗುರುತಿಸುವುದು ಅಧಿಕಪ್ರಸಂಗವಾದೀತು. ಅರ್ಥಸ್ಪಷ್ಟತೆಗಾಗಿ ನೀವು ಸೇರಿಸಿದ ಪದ ಚೌಕ ಆವರಣದೊಳಗಿರಲಿ, ನಡುವೆ ಬಿಟ್ಟದ್ದಕ್ಕೆ ಮೂರು ಚುಕ್ಕಿಗಳಿರಲಿ. ‘ನಾಟ್’ ಎಂಬಂಥ ನಿಷೇಧದ ಪದ ಆ ಚುಕ್ಕಿಗಳ ಹಿಂದೆ ಮರೆಯಾಗಿ ಲೇಖಕರ ಅಭಿಪ್ರಾಯವೇ ತಲೆಕೆಳಗಾಗದಂತೆ ನೋಡಿಕೊಳ್ಳಿ.