ಬೆಳಗಿನ ಮೊದಲ ಬಕೆಟ್ ಬಿಸಿನೀರು ಕೆಂಪಗೆ ಬರುತ್ತಿದೆ, ಗೀಸರ್ ಟ್ಯಾಂಕೇ ಹೋಯಿತೇ?

ಯಲಹಂಕದ ಬಕೆಟ್:
ನಮ್ಮದು 25 ಲೀಟರಿನ ಗೀಸರ್, ಐದನೇ ವರ್ಷ. ಒಳಗಿನ ಟ್ಯಾಂಕ್ ಗಾಜಿನ ಲೇಪದ ಉಕ್ಕಿನದು ಎಂದು ಅದರ ಪುಸ್ತಕದಲ್ಲಿದೆ. ನೀರೆಲ್ಲ ಬೋರ್‌ವೆಲ್‌ನದು. ಹದಿನೈದು ದಿನದಿಂದ ಬೆಳಗಿನ ಮೊದಲ ಬಕೆಟ್ ತೆಳು ಚಹಾದ ಬಣ್ಣ. ಕಾಯುವಾಗ ಒಳಗೆ ಸಾಸಿವೆ ಸಿಡಿದಂಥ ಸದ್ದು. ಬಂದ ಮೆಕ್ಯಾನಿಕ್ ಹೊರಗಿನಿಂದಲೇ ತಟ್ಟಿ ನೋಡಿ, "ಟ್ಯಾಂಕ್ ಹೋಗಿದೆ, ಹೊಸದು ಕೊಳ್ಳಿ" ಎಂದು ಹೇಳಿ ಹೋದ. ಎಲ್ಲಿಯೂ ಸೋರುತ್ತಿಲ್ಲ. ಅವನ ಮಾತು ನಂಬಬಹುದೇ?

13ರ ಸ್ಪಾನರ್:
ತಟ್ಟಿ ನೋಡಿ ಹೇಳಲು ಅದೇನು ಕಲ್ಲಂಗಡಿಯೇ? ನಾಳೆ ಬೆಳಗ್ಗೆ ಎರಡು ಬಿಳಿ ಬಕೆಟ್ ಇಟ್ಟು ತಣ್ಣೀರು, ಬಿಸಿನೀರು ಬೇರೆ ಬೇರೆ ಹಿಡಿಯಿರಿ. ಎರಡೂ ಕೆಂಪಾಗಿದ್ದರೆ ತಪ್ಪು ಹಳೆಯ ಜಿಐ ಪೈಪಿನದೋ ಮೇಲಿನ ಟ್ಯಾಂಕಿನದೋ ಇರಬೇಕು.

ಯಲಹಂಕದ ಬಕೆಟ್:
ತಣ್ಣೀರು ತಿಳಿಯಾಗಿದೆ. ಬಿಸಿನೀರು ಮಾತ್ರ ಕೆಂಪು.

13ರ ಸ್ಪಾನರ್:
ಹಾಗಾದರೆ ಆನೋಡ್ ರಾಡ್ ಮುಗಿದಿದೆ ಎಂದು ನನ್ನ ಅನುಮಾನ. ಗಾಜಿನ ಲೇಪದಲ್ಲಿ, ಅದರಲ್ಲೂ ಬೆಸುಗೆಯ ಅಂಚಿನಲ್ಲಿ, ಸೂಜಿಮೊನೆಯಷ್ಟು ತೂತುಗಳು ಉಳಿದಿರುತ್ತವೆ. ಅಲ್ಲಿ ಉಕ್ಕಿಗೆ ನೀರು ತಾಗಿದರೂ ತುಕ್ಕು ಹಿಡಿಯದಂತೆ ಕಾಯುವುದು ಒಳಗಿರುವ ಮೆಗ್ನೀಸಿಯಂ ಸರಳು. ಕಬ್ಬಿಣಕ್ಕಿಂತ ಮೆಗ್ನೀಸಿಯಂ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಹಾಗಾಗಿ ಟ್ಯಾಂಕಿನ ಬದಲು ಅದು ಸವೆಯುತ್ತದೆ. ಲವಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಇನ್ನೂ ಬೇಗ. ಇಂಥ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ನೀವು ಒಮ್ಮೆಯೂ ಬಿಚ್ಚಿಸಿಲ್ಲ, ಅಲ್ಲವೇ?

ಸಾಸಿವೆಯ ಸದ್ದು ಬೇರೆ ಕಾಯಿಲೆ. ಗಡಸು ನೀರು ಕಾದಾಗ ಕರಗಿದ್ದ ಸುಣ್ಣ ಗಟ್ಟಿಯಾಗಿ, ನೀರು ಕಾಯಿಸುವ ಎಲಿಮೆಂಟಿನ ಮೇಲೆ ಕೂರುತ್ತದೆ. ಆ ಪದರದ ಅಡಿ ಸಿಕ್ಕಿಕೊಂಡ ನೀರು ಕುದಿದು ಸಿಡಿಯುತ್ತದೆ.

ನೀವೇ ಬಿಚ್ಚುವುದಾದರೆ ಸ್ವಿಚ್ ಮಾತ್ರವಲ್ಲ, ಬೋರ್ಡಿನಲ್ಲಿ ಆ ಲೈನಿನ ವಿದ್ಯುತ್ ಕಡಿಯುವ ಎಂಸಿಬಿಯನ್ನೂ ಇಳಿಸಿ, ಟೆಸ್ಟರ್ ಹಿಡಿದು ನೋಡಿ. ನೀರು ತಣ್ಣಗಾಗಲಿ. ಒಳಬರುವ ನೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಗಾಳಿ ಒಳಹೋಗದೆ ಟ್ಯಾಂಕ್ ಖಾಲಿಯಾಗದು. ಬಳಿಕ ಸೇಫ್ಟಿ ವಾಲ್ವಿನ ಸಣ್ಣ ಹಿಡಿ ಎತ್ತಿದರೆ ನೀರು ಇಳಿಯುತ್ತದೆ. ತಂತಿಗಳ ಫೋಟೊ ತೆಗೆದುಕೊಂಡು ತಳದ ತಟ್ಟೆಯ ನಟ್ಟುಗಳನ್ನು ಬಿಚ್ಚಿ. ಎಲಿಮೆಂಟ್, ರಾಡ್ ಎರಡೂ ಆ ತಟ್ಟೆಯ ಜೊತೆಗೇ ಕೆಳಗೆ ಬರುತ್ತವೆ. ವಿದ್ಯುತ್ ಕೆಲಸ ಅಭ್ಯಾಸವಿಲ್ಲದಿದ್ದರೆ ಬೇರೆ ಮೆಕ್ಯಾನಿಕ್‌ನನ್ನು ಕರೆಸಿ, ಪಕ್ಕದಲ್ಲಿ ನಿಂತು ನೋಡಿ.

ತುಮಕೂರು ತೊಟ್ಟಿ:
ಇಷ್ಟೆಲ್ಲ ಯಾಕೆ? ಬಾತ್‌ರೂಮ್ ತೊಳೆಯುವ ಆ್ಯಸಿಡ್ ಅರ್ಧ ಲೀಟರ್ ಟ್ಯಾಂಕಿಗೆ ಸುರಿದರೆ ಸುಣ್ಣವೆಲ್ಲ ಕರಗುತ್ತದೆ.

13ರ ಸ್ಪಾನರ್:
ಜೊತೆಗೆ ಎಲಿಮೆಂಟಿನ ಕವಚವನ್ನೂ ಲೇಪ ಬಿಟ್ಟ ಕಡೆಯ ಉಕ್ಕನ್ನೂ ತಿನ್ನುತ್ತದೆ. ದಯವಿಟ್ಟು ಬೇಡ. ಎಲಿಮೆಂಟನ್ನು ಹೊರತೆಗೆದು ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ನೆನೆಸಿದರೆ ಸಾಕು. ಟರ್ಮಿನಲ್‌ಗಳು ಒದ್ದೆಯಾಗಬಾರದು. ಹೊಸ ರಾಡನ್ನು ಅದರಲ್ಲಿ ಅದ್ದಬೇಡಿ, ಮೆಗ್ನೀಸಿಯಂ ಕೂಡ ಕರಗುತ್ತದೆ.

ಯಲಹಂಕದ ಬಕೆಟ್:
ಭಾನುವಾರ ಬೇರೆ ಮೆಕ್ಯಾನಿಕ್ ಬಂದು ಬಿಚ್ಚಿದ. ಹೆಬ್ಬೆರಳ ಗಾತ್ರ ಇರಬೇಕಾದ ಸರಳಿನ ಜಾಗದಲ್ಲಿ ಸೈಕಲ್ ಕಡ್ಡಿಯಷ್ಟು ತೆಳ್ಳಗಿನ ತುಕ್ಕು ತಂತಿ! ತುದಿಯಲ್ಲಿ ಬೂದಿಯಂಥ ಒಂದು ಉಂಡೆ ಮಾತ್ರ ಅಂಟಿಕೊಂಡಿತ್ತು. ತಟ್ಟೆ ಇಳಿಸಿದಾಗ ಎರಡು ಚೊಂಬಿನಷ್ಟು ಸುಣ್ಣದ ಚೂರು ಸುರಿಯಿತು. ಟಾರ್ಚ್ ಬಿಟ್ಟು ನೋಡಿದರೆ ಬೆಸುಗೆಯ ಉದ್ದಕ್ಕೂ ಅಲ್ಲಲ್ಲಿ ಕಂದು ಚುಕ್ಕಿ. ಹಳೆಯ ತಂತಿಯನ್ನು ಅಂಗಡಿಗೆ ಒಯ್ದು ಅದೇ ತಿರುಪಿನ (ಥ್ರೆಡ್‌ನ) ರಾಡ್ ತಂದೆವು, ಗ್ಯಾಸ್ಕೆಟ್ಟನ್ನೂ ಬದಲಿಸಿದೆವು. ಸದ್ದು ಹೋಗಿದೆ. ಬಣ್ಣ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇನ್ನೊಂದು ಪ್ರಶ್ನೆ: ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದರೆ ಈ ಗೋಳು ತಪ್ಪುತ್ತದೆಯೇ?

13ರ ಸ್ಪಾನರ್:
ಸುಣ್ಣದ ಗೋಳು ತಪ್ಪುತ್ತದೆ, ರಾಡಿನದು ಹೆಚ್ಚುತ್ತದೆ. ಉಪ್ಪು ಬಳಸುವ ಸಾಫ್ಟ್‌ನರ್ ನೀರಿನಲ್ಲಿ ರಾಡ್ ಇನ್ನೂ ಬೇಗ ಸವೆಯುತ್ತದೆ. ಹಾಕಿಸಿದರೆ ಆರು ತಿಂಗಳಿಗೇ ಒಮ್ಮೆ ನೋಡಿ. ಸದ್ಯಕ್ಕೆ ಥರ್ಮೋಸ್ಟಾಟನ್ನು 60 ಡಿಗ್ರಿಗೆ ಇಳಿಸಿ, ಅದಕ್ಕಿಂತ ಬಿಸಿಯಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ.

ಚುಕ್ಕಿಗಳ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಾರೆ. ತಿಂದುಹೋದ ಉಕ್ಕು ಮರಳುವುದಿಲ್ಲ, ಹೊಸ ರಾಡ್ ಮುಂದಿನ ಸವೆತವನ್ನು ನಿಧಾನಗೊಳಿಸುತ್ತದೆ ಅಷ್ಟೆ. ತಳದಲ್ಲಿ ಹನಿ ಕಂಡ ದಿನ ಗೀಸರ್ ಬದಲಿಸಿ, ಟ್ಯಾಂಕಿಗೆ ಬೆಸುಗೆ ಹಾಕಿಸಲು ಹೋಗಬೇಡಿ. ಗೀಸರ್ ಸ್ವಿಚ್ ಹಾಕಿದೊಡನೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳತೊಡಗಿದರೆ ಎಲಿಮೆಂಟಿನ ಕವಚ ತೂತಾಗಿರಬಹುದು. ಬಿದ್ದ ಆರ್‌ಸಿಸಿಬಿಯನ್ನು ಮತ್ತೆ ಮತ್ತೆ ಎತ್ತಿ ಸ್ನಾನಕ್ಕೆ ಇಳಿಯಬೇಡಿ.

ಯಲಹಂಕದ ಬಕೆಟ್:
ಆಯಿತು ಸರ್. ರಾಡ್ ಹಾಕಿದ ತಾರೀಕನ್ನು ಮಾರ್ಕರ್ ಪೆನ್ನಿನಲ್ಲಿ ಗೀಸರಿನ ಹೊಟ್ಟೆಯ ಮೇಲೇ ಬರೆದಿದ್ದೇನೆ. ಹಳೆಯ ತಂತಿಯನ್ನು ಆ ಮೊದಲ ಮೆಕ್ಯಾನಿಕ್‌ಗೆ ತೋರಿಸಲು ಇಟ್ಟುಕೊಂಡಿದ್ದೇನೆ. ಫೋನ್ ಎತ್ತುತ್ತಿಲ್ಲ.