ತಣ್ಣನೆಯ ಬೇಸಿಗೆಯ ನಷ್ಟಕ್ಕೆ ಹವಾಮಾನ ಡೆರಿವೇಟಿವ್ ಸೂಕ್ತವೇ?

ಪ್ರಶ್ನೆ

ತಂಪು ಪಾನೀಯ ತಯಾರಿಸುವ ಮಧ್ಯಮ ಗಾತ್ರದ ಸಂಸ್ಥೆಯೊಂದರ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಬಿಸಿಲು ಕಡಿಮೆಯಾದ ವರ್ಷ ನಮ್ಮ ಮಾರಾಟ ಕುಸಿಯುತ್ತದೆ. ಆದರೆ ಯಾವ ಆಸ್ತಿಗೂ ಹಾನಿಯಾಗಿರುವುದಿಲ್ಲವಾದ್ದರಿಂದ ನಮ್ಮಲ್ಲಿರುವ ವಿಮೆ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ಹವಾಮಾನ ಡೆರಿವೇಟಿವ್ (ಹವಾಮಾನದ ಅಂಕಿಗಳನ್ನು ಆಧರಿಸಿ ಹಣ ಪಾವತಿಯಾಗುವ ಒಪ್ಪಂದ) ಕೊಳ್ಳುವಂತೆ ಸಲಹೆ ಬಂದಿದೆ. ಅದು ವಿಮೆಗಿಂತ ಹೇಗೆ ಭಿನ್ನ, ಕೊಳ್ಳುವ ಮುನ್ನ ಏನನ್ನು ಪರಿಶೀಲಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ವಿಮೆ ಹಣ ಕೊಡುವುದು ನಷ್ಟವನ್ನು ನೋಡಿ, ಡೆರಿವೇಟಿವ್ ಕೊಡುವುದು ತಾಪಮಾಪಕದ ಅಂಕಿಯನ್ನು ನೋಡಿ. ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನಗಳ ಸರಾಸರಿ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಹೆಚ್ಚಿದೆಯೋ ಅಷ್ಟನ್ನು ಆ ದಿನದ ‘ಕೂಲಿಂಗ್ ಡಿಗ್ರಿ ಡೇ’ ಎಂದು ಎಣಿಸಿ, ಇಡೀ ಋತುವಿಗೆ ಕೂಡಿಸುತ್ತಾರೆ. ಒಟ್ಟು ಮೊತ್ತ ಒಪ್ಪಿದ ಮಟ್ಟಕ್ಕಿಂತ ಕೆಳಗಿಳಿದರೆ, ಕಡಿಮೆಯಾದ ಪ್ರತಿ ಅಂಕಕ್ಕೆ ಇಂತಿಷ್ಟರಂತೆ, ಗೊತ್ತುಪಡಿಸಿದ ಮಿತಿಯವರೆಗೆ ನಿಮಗೆ ಹಣ ಬರುತ್ತದೆ. ನಷ್ಟವಾಯಿತೆಂದು ರುಜುವಾತುಪಡಿಸಬೇಕಾಗಿಲ್ಲ. ಈ ವ್ಯವಹಾರ 1997ರ ಸುಮಾರಿಗೆ ಅಮೆರಿಕದ ಇಂಧನ ಕಂಪನಿಗಳ ನಡುವೆ ಬೆಳೆಯಿತು. ಚಳಿಗಾಲ ಬೆಚ್ಚಗಿದ್ದರೆ ಅನಿಲದ ಮಾರಾಟ ಇಳಿಯುತ್ತದೆಂಬ ಆತಂಕ ಅವರದಾಗಿತ್ತು. 1999ರಲ್ಲಿ ಶಿಕಾಗೊ ಮರ್ಕೆಂಟೈಲ್ ಎಕ್ಸ್‌ಚೇಂಜ್‌ನಲ್ಲಿಯೂ ಇಂತಹ ಒಪ್ಪಂದಗಳ ವಹಿವಾಟು ಆರಂಭವಾಯಿತು.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ತೊಡಕು ಇರುವುದೂ ಅಲ್ಲಿಯೇ. ಅಂಕಿ ದಾಖಲಾಗುವ ಕೇಂದ್ರ ನಿಮ್ಮ ಮಾರುಕಟ್ಟೆಯಿಂದ ದೂರವಿದ್ದರೆ, ನಿಮ್ಮ ಮಾರಾಟ ಕುಸಿದಿದ್ದರೂ ಸೂಚ್ಯಂಕ, ಅಂದರೆ ಪಾವತಿಯನ್ನು ನಿರ್ಧರಿಸುವ ಆ ಒಟ್ಟು ಮೊತ್ತ, ಅಲುಗಾಡದೆ ಇರಬಹುದು. ಇದನ್ನೇ ಬೇಸಿಸ್ ರಿಸ್ಕ್ ಎನ್ನುತ್ತಾರೆ. ಆದ್ದರಿಂದ ಮೊದಲು ಹಲವು ವರ್ಷಗಳ ದೈನಂದಿನ ಮಾರಾಟವನ್ನು ಅದೇ ಕೇಂದ್ರದ ತಾಪಮಾನದೊಂದಿಗೆ ಹೋಲಿಸಿ, ಬೆಲೆ ಬದಲಾವಣೆ ಮತ್ತು ಪೈಪೋಟಿಯ ಪರಿಣಾಮವನ್ನು ಬೇರ್ಪಡಿಸಿ, ಒಂದು ಡಿಗ್ರಿಗೆ ಎಷ್ಟು ಆದಾಯ ಏರಿಳಿಯುತ್ತದೆ ಎಂಬುದನ್ನು ಕಂಡುಕೊಳ್ಳಿ. ಆ ಸಂಬಂಧ ದುರ್ಬಲವಾಗಿದ್ದರೆ ಕೊಳ್ಳಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆಯ ವಿಚಾರದಲ್ಲಿಯೂ ಎಚ್ಚರ ಬೇಕು. ತಾಪಮಾನ ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ, ಮೂವತ್ತು ವರ್ಷಗಳ ಸರಳ ಸರಾಸರಿಯನ್ನು ನೆಚ್ಚಿ ಪ್ರೀಮಿಯಂ ನಿಗದಿಪಡಿಸಿದರೆ, ತಣ್ಣನೆಯ ಬೇಸಿಗೆಯ ಸಂಭವ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ, ನೀವು ಹೆಚ್ಚು ತೆರುತ್ತೀರಿ. ಬೆಚ್ಚಗಿನ ಚಳಿಗಾಲಕ್ಕೆ ಅಂಜುವ ಅನಿಲ ಮಾರಾಟಗಾರನ ಸ್ಥಿತಿ ಇದಕ್ಕೆ ತದ್ವಿರುದ್ಧ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಡಿಗ್ರಿವಾರು ಲೆಕ್ಕವನ್ನು ನಾವು ಈವರೆಗೆ ಮಾಡಿರಲೇ ಇಲ್ಲ. ಪ್ರೀಮಿಯಂ ಹೊರೆ ತಗ್ಗಿಸಲು ದಾರಿಯಿದೆಯೇ?

ಉತ್ತರ 3

ಇದೆ. ಬಿಸಿ ಬೇಸಿಗೆಯಲ್ಲಿ ಬರುವ ಹೆಚ್ಚುವರಿ ಲಾಭದ ಒಂದು ಪಾಲನ್ನು ಬಿಟ್ಟುಕೊಡಲು ಒಪ್ಪಿದರೆ, ಆ ಭಾಗ ಪ್ರೀಮಿಯಂಗೆ ವಜಾ ಆಗುತ್ತದೆ. ಇದಕ್ಕೆ ಕಾಲರ್ ಎಂದು ಹೆಸರು. ನಷ್ಟ ಎರಡು ಕಾರಣಗಳು ಸೇರಿದಾಗ ಮಾತ್ರ ಅಸಹನೀಯವಾಗುವುದಾದರೆ ಎರಡನ್ನೂ ಒಂದೇ ಒಪ್ಪಂದಕ್ಕೆ ಪೋಣಿಸಬಹುದು. ಉರುಗ್ವೆಯ ಸರ್ಕಾರಿ ವಿದ್ಯುತ್ ಸಂಸ್ಥೆ 2013ರಲ್ಲಿ ವಿಶ್ವಬ್ಯಾಂಕಿನೊಂದಿಗೆ ಮಾಡಿಕೊಂಡ 45 ಕೋಟಿ ಡಾಲರ್ ಮಿತಿಯ ಒಪ್ಪಂದ ಇಂತಹದು. ಮಳೆ ಕೊರತೆಯಾಗಿ ಜಲವಿದ್ಯುತ್ ತಗ್ಗಿದಾಗ ತೈಲ ಕೊಳ್ಳಬೇಕಾಗುತ್ತಿದ್ದುದರಿಂದ ಪಾವತಿಯ ಲೆಕ್ಕದಲ್ಲಿ ಮಳೆಯ ಜೊತೆಗೆ ತೈಲದ ಬೆಲೆಯನ್ನೂ ಸೇರಿಸಿದ್ದರು.

ಎದುರಿನ ಪಕ್ಷ ಯಾರೆಂಬುದನ್ನೂ ನೋಡಿ. ಈ ಮಾರುಕಟ್ಟೆಯ ಆರಂಭಿಕ ದೊಡ್ಡ ವ್ಯಾಪಾರಿಯಾಗಿದ್ದ ಎನ್‌ರಾನ್ 2001ರ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಖಾಸಗಿ ಒಪ್ಪಂದ ನಿಮ್ಮ ಊರಿನ ಹವೆಗೆ ಹೆಚ್ಚು ಹೊಂದುತ್ತದೆ ನಿಜ, ಆದರೆ ಕ್ಲಿಯರಿಂಗ್ ಹೌಸ್‌ನ (ಎರಡೂ ಪಕ್ಷಗಳ ನಡುವೆ ನಿಂತು ಪಾವತಿಗೆ ಹೊಣೆ ಹೊರುವ ಸಂಸ್ಥೆಯ) ಖಾತರಿ ಸಿಗುವುದು ಸಾಮಾನ್ಯವಾಗಿ ಎಕ್ಸ್‌ಚೇಂಜ್‌ನಲ್ಲಿ.